ಬಾಗಿಲು ತೆಗೆದ ಅಡುಗೆಮನೆ, ಬಾಗಿಲು ಹಾಕಿದ ಹೋಟೆಲ್

ಬೆಂಗಳೂರಿನಲ್ಲಿ ನಾಲ್ಕು ಜನ ಸೇರಿದ ಕಡೆ ಸುಮ್ನೆ ಎಂಟಿಆರ್ ಹೋಟೆಲಿನ ಮಾತು ತೆಗೆದು ನೋಡಿ. ಒಬ್ಬರಾದರೂ "ಮೊದಲಿನ ಥರ ಇಲ್ಲ ಬಿಡ್ರೀ" ಅಂದೇ ಅನ್ನುತ್ತಾರೆ. ಇನ್ನೊಬ್ಬರು ರೇಟು ಜಾಸ್ತಿ ಅನ್ನುತ್ತಾರೆ. ಮೂರನೆಯವರು ಕ್ಯೂ ಬಗ್ಗೆ ಗೊಣಗುತ್ತಾರೆ. ಮುಂದಿನ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ರಸ್ತೆಗೆ ಹೋದರೆ ಆ ಮೂವರೂ ಅಲ್ಲೇ ಸಿಗುತ್ತಾರೆ. ವಾಕಿಂಗ್ ಶೂ ಹಾಕಿಕೊಂಡು, ಹೆಸರು ಬರೆಸಿ, ಕೂಗುವುದನ್ನೇ ಕಾಯುತ್ತಾ ನಿಂತಿರುತ್ತಾರೆ.

ನನ್ನ ಮಾವನವರೂ ಆ ಮೂವರಲ್ಲಿ ಒಬ್ಬರು. "ಮೊದಲಿನ ಥರ ಇಲ್ಲ" ಅನ್ನುವ ಮಾತನ್ನು ಅವರು ತಮ್ಮ ಅಪ್ಪನ ಬಾಯಲ್ಲೂ ಕೇಳಿದ್ದರಂತೆ. ಹಾಗಾದರೆ ಆ ಮೊದಲು ಯಾವಾಗ ಇತ್ತು ಅನ್ನುವುದು ಯಾರಿಗೂ ಗೊತ್ತಿಲ್ಲ. ಇರಲಿ.

ರುಚಿಯ ಜಗಳ ಮುಗಿಯುವಂಥದ್ದಲ್ಲ. ನಿಮಗೆ ಗಾಂಧಿ ಬಜಾರಿನ ದೋಸೆ ಇಷ್ಟ ಇರಬಹುದು, ಮಲ್ಲೇಶ್ವರದವರು ತಮ್ಮ ಬೆಣ್ಣೆ ಮಸಾಲೆಯನ್ನು ಬಿಟ್ಟುಕೊಡುವುದಿಲ್ಲ. ನನಗೆ ಎಂಟಿಆರ್ ವಿಷಯದಲ್ಲಿ ರುಚಿಗಿಂತ ದೊಡ್ಡದಾಗಿ ಕಾಣುವುದು ಅದರ ಮಾಲೀಕರು ಮಾಡಿದ ಎರಡು ಕೆಲಸ. ಒಬ್ಬರು ಅಡುಗೆಮನೆಯ ಬಾಗಿಲನ್ನು ಗಿರಾಕಿಗಳಿಗೆ ತೆಗೆದಿಟ್ಟರು. ಇನ್ನೊಬ್ಬರು, ಈ ರೇಟಿಗೆ ಒಳ್ಳೆಯ ತಿಂಡಿ ಕೊಡುವುದು ಆಗದ ಮಾತು ಅಂತ ಹೋಟೆಲಿನ ಬಾಗಿಲನ್ನೇ ಹಾಕಿದರು. ನನ್ನ ಕಣ್ಣಿಗೆ ಎರಡೂ ಒಂದೇ ಹಟ.

ಮೊದಲನೆಯವರು ಯಜ್ಞನಾರಾಯಣ ಮಯ್ಯರು. ಊರು ಉಡುಪಿ ಕಡೆಯ ಪಾರಂಪಳ್ಳಿ, ಸಾಲಿಗ್ರಾಮ ಮತ್ತು ಕೋಟದ ಆಸುಪಾಸು. ಆ ಭಾಗದವರಿಗೂ ಬೆಂಗಳೂರಿನ ಹೋಟೆಲುಗಳಿಗೂ ಇರುವ ನಂಟು ಹೊಸದಾಗಿ ಹೇಳಬೇಕಿಲ್ಲ. ಅಡಿಗ, ಐತಾಳ, ಹೊಳ್ಳ, ಉರಾಳ, ಮಯ್ಯ, ಕಾರಂತ... ಇದರಲ್ಲಿ ಒಂದು ಹೆಸರಾದರೂ ಹಳೇ ಬೆಂಗಳೂರಿನ ಯಾವುದೋ ಒಂದು ಗಲ್ಲಾದ ಹಿಂದೆ ಸಿಕ್ಕೇ ಸಿಗುತ್ತದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ಶುರುಮಾಡಿದ್ದು ವೆಂಕಟರಮಣ ಉರಾಳರು. ಮುಂದೆ ಅದು ಅಡಿಗರ ಕೈಗೆ ಬಂತು. ಗದ್ದೆ ಸಣ್ಣದು, ಮನೆಯಲ್ಲಿ ಮಕ್ಕಳು ಜಾಸ್ತಿ, ಕೈಯಲ್ಲಿರುವ ವಿದ್ಯೆ ಅಡುಗೆ. ಘಟ್ಟ ಹತ್ತಿ ಬರಲು ಬೇರೆ ಕಾರಣ ಬೇಕಿರಲಿಲ್ಲ.

ಮಯ್ಯ ಸಹೋದರರು ಬೆಂಗಳೂರಿಗೆ ಬಂದದ್ದೂ ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡಲು. 1924ರಲ್ಲಿ ಸ್ವಂತದ್ದೊಂದು ಅಂಗಡಿ ಹಾಕಿದರು. ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದ ಹೋಟೆಲುಗಳಲ್ಲಿ ಜಾತಿಯೂ ಒಂದು ಬೋರ್ಡು. ಯಾರು ಮಾಡಿದ್ದು, ಯಾರ ಪಕ್ಕ ಕೂತು ತಿನ್ನುವುದು ಅನ್ನುವುದು ಏನು ತಿನ್ನುತ್ತೇವೆ ಅನ್ನುವುದಕ್ಕಿಂತ ಮುಖ್ಯವಾಗಿದ್ದ ಕಾಲ ಅದು. ಹಳೇ ಹೋಟೆಲುಗಳ ಬಗ್ಗೆ ಬರೆಯುವಾಗ ನಾವು ಇದನ್ನು ನಾಜೂಕಾಗಿ ದಾಟಿಬಿಡುತ್ತೇವೆ. ದಾಟಬಾರದು. 1960ರಲ್ಲಿ ಈಗಿರುವ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಬೋರ್ಡಿನಿಂದ ಜಾತಿ ಹೋಗಿ ಏರಿಯಾ ಬಂತು. ಒಳ್ಳೆಯದೇ ಆಯಿತು.

ಈ ಎರಡು ಹೆಸರುಗಳ ನಡುವೆ ಒಂದು ಪ್ರವಾಸ ಇದೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋದರು. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡಲೆಂದೇ ಹೋದದ್ದು. ಕೋಟ ಕಡೆಯ ಒಬ್ಬ ಅಡುಗೆಯವರು, ಬೆಂಗಳೂರಿನಲ್ಲಿ ಇಡ್ಲಿ ಕಾಫಿ ಮಾರುತ್ತಿದ್ದವರು, 1951ರಲ್ಲಿ ಯೂರೋಪಿನ ಅಡುಗೆಮನೆಗಳನ್ನು ಇಣುಕುತ್ತಾ ಓಡಾಡಿದ್ದನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಬೇರೆ ಯಾರಾದರೂ ಆಗಿದ್ದರೆ ಕಟ್ಲೆಟ್ಟೋ ಕೇಕೋ ಕಲಿತು ಬರುತ್ತಿದ್ದರೇನೋ. ಮಯ್ಯರ ತಲೆಗೆ ಹೊಕ್ಕದ್ದು ಅಲ್ಲಿನ ಚೊಕ್ಕಟತನ. ವಾಪಸ್ ಬಂದವರು ಪಾತ್ರೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ವ್ಯವಸ್ಥೆ ತಂದರು. ಗಿರಾಕಿಗಳು ಬೇಕಾದರೆ ಒಳಗೆ ಬಂದು ಅಡುಗೆಮನೆ ನೋಡಿಕೊಂಡು ಹೋಗಬಹುದು ಅಂದರು.

ಈ ಕೊನೆಯ ಮಾತು ಎಷ್ಟು ದೊಡ್ಡದು ಅಂತ ಹೋಟೆಲ್ ಅಡುಗೆಮನೆ ನೋಡಿದವರಿಗೆ ಗೊತ್ತು. ನಮ್ಮ ಏರಿಯಾದಲ್ಲಿ ಒಂದು ಹೋಟೆಲ್ ಇತ್ತು. ಹೆಸರು ಬೇಡ, ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಮುಂದೆಲ್ಲ ಗ್ರಾನೈಟು, ಕನ್ನಡಿ, ಗಣಪತಿ ಫೋಟೋಗೆ ದಿನಾ ಹೊಸ ಹಾರ. ಒಂದು ದಿನ ಕೈ ತೊಳೆಯುವ ಜಾಗ ಹುಡುಕುತ್ತಾ ತಪ್ಪಿ ಹಿಂದಿನ ಬಾಗಿಲು ತಳ್ಳಿದೆ. ಕ್ಲೀನರ್ ಹುಡುಗ ಹೆದರಿ "ಅಯ್ಯೋ, ಇಲ್ಲೆಲ್ಲಾ ಬರೋ ಹಂಗಿಲ್ಲ ಸಾರ್" ಅಂತ ಅಡ್ಡ ನಿಂತ. ಅಷ್ಟರಲ್ಲಿ ನಾನು ನೋಡಬೇಕಾದ್ದನ್ನು ನೋಡಿ ಆಗಿತ್ತು. ಒಂದೇ ಬಕೆಟ್ ನೀರಿನಲ್ಲಿ ಎಲ್ಲ ಲೋಟಗಳೂ ಮುಳುಗಿ ಏಳುತ್ತಿದ್ದವು. ಆ ನೀರಿನ ಬಣ್ಣ ಕಾಫಿಗಿಂತ ಗಟ್ಟಿ. ಆಮೇಲೆ ನಾನು ಅಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನಲಿಲ್ಲ.

ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಏನು ಬೇಕಾದರೂ ನಡೆಯಬಹುದು. ಬಾಗಿಲು ತೆಗೆದಿಟ್ಟರೆ ಗಿರಾಕಿ ದಿನಾ ಬಂದು ಚೆಕ್ ಮಾಡುತ್ತಾನೆ ಅಂತಲ್ಲ. ಹೆಚ್ಚಿನವರು ನೋಡುವುದೇ ಇಲ್ಲ. ಹಸಿದವನಿಗೆ ಅಡುಗೆಮನೆ ಯಾಕೆ, ಎಲೆ ಸಾಕು. ಆದರೆ ಯಾರಾದರೂ ನೋಡಬಹುದು ಅನ್ನುವುದು ಒಳಗಿರುವವರಿಗೆ ಗೊತ್ತಿರುತ್ತದಲ್ಲ, ಮಯ್ಯರು ಕಟ್ಟಿದ ಸೂಪರ್‌ವಿಷನ್ ಅದು. ಸಂಬಳ ಇಲ್ಲದ ಸೂಪರ್‌ವೈಸರು ಪ್ರತಿ ಟೇಬಲಿನಲ್ಲೂ ಕೂತಿರುತ್ತಾನೆ.

ನಾನು ಹೋದಾಗೆಲ್ಲ ದೋಸೆ ಕಲ್ಲು ಕಾಣುವ ಕಡೆ ಒಂದು ಗಳಿಗೆ ನಿಲ್ಲುತ್ತೇನೆ. ಕಾದ ಕಲ್ಲಿಗೆ ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಪೊರಕೆಯಿಂದ ಸರಕ್ ಅಂತ ಒಂದು ಸಲ ಎಳೆಯುತ್ತಾರೆ. ಹಬೆ ಏಳುತ್ತದೆ. ಹಿಟ್ಟು ಸಾಲಾಗಿ ಬೀಳುತ್ತದೆ, ಬಟ್ಟಲಿನ ತಳ ಒಂದೊಂದನ್ನೂ ಒಳಗಿನಿಂದ ಹೊರಕ್ಕೆ ಸುತ್ತುತ್ತದೆ. ಆಮೇಲೆ ತುಪ್ಪ. ಎಲ್ಲ ದೋಸೆಗೂ ಒಂದೇ ಹದದಲ್ಲಿ, ಅಂಚಿನವರೆಗೂ. ಭಟ್ಟರು ಗಿರಾಕಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ.

ಇನ್ನು ರವೆ ಇಡ್ಲಿ. ಇದನ್ನು ಹುಟ್ಟುಹಾಕಿದ್ದು ತಾವೇ ಅಂತ ಎಂಟಿಆರ್‌ನವರು ಹೇಳುತ್ತಾರೆ. ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ದೇಶದ ತುಂಬ ಅಕ್ಕಿಗೆ ತತ್ವಾರ, ರೇಷನ್ನು. ಇಡ್ಲಿ ಮಾರಿ ಬದುಕುವ ಹೋಟೆಲಿಗೆ ಅಕ್ಕಿ ಇಲ್ಲ ಅಂದರೆ ಏನು ಮಾಡುವುದು? ಗೋಧಿ ರವೆ ಇತ್ತು. ಅದರಲ್ಲೇ ಇಡ್ಲಿ ಮಾಡಿ ನೋಡಿದರು.

ಮಾಡಿ ನೋಡಿದರು ಅಂತ ಬರೆಯುವುದು ಸುಲಭ. ಒಲೆ ಮುಂದೆ ನಿಂತವರಿಗೆ ಅದರ ಕಷ್ಟ ಗೊತ್ತು. ಅಕ್ಕಿ ಉದ್ದಿನ ಹಿಟ್ಟು ರಾತ್ರಿಯಿಡೀ ತನ್ನಷ್ಟಕ್ಕೆ ಉಬ್ಬುತ್ತದೆ. ರವೆಗೆ ಆ ಗುಣ ಇಲ್ಲ. ನೆನೆಸಿಟ್ಟರೆ ಅಂಟು ಮುದ್ದೆಯಾಗುತ್ತದೆ. ಅದಕ್ಕೇ ಮೊದಲು ತುಪ್ಪದಲ್ಲಿ ಹುರಿಯಬೇಕು, ಕಾಳು ಕಾಳಾಗಿ ಉಳಿಯುವಂತೆ. ಹುಳಿಗೆ ಮೊಸರು. ಉಬ್ಬಲು ಸೋಡಾ. ಸಾಸಿವೆ, ಕರಿಬೇವು, ಕೊತ್ತಂಬರಿ, ಗೋಡಂಬಿ. ಕಲಸಿ ತುಂಬ ಹೊತ್ತು ಇಡುವ ಹಾಗಿಲ್ಲ, ಬೇಗ ಹಬೆಗೆ ಇಟ್ಟುಬಿಡಬೇಕು. ಮನೆಯಲ್ಲಿ ಎಷ್ಟೋ ಜನ ಇದೇ ಹೆಜ್ಜೆಯಲ್ಲಿ ಎಡವುತ್ತಾರೆ. ಕಲಸಿಟ್ಟು ಫೋನಿನಲ್ಲಿ ಮಾತಾಡಲು ಹೋದರೆ ಇಡ್ಲಿ ಕಲ್ಲು.

ಅಲ್ಲಿ ತಟ್ಟೆಗೆ ಬರುವ ಇಡ್ಲಿ ಬೇರೆ. ಅಗಲ ಜಾಸ್ತಿ, ಬಣ್ಣ ಸ್ವಲ್ಪ ಹಳದಿಗೆ ತಿರುಗಿದ್ದು, ಮೇಲೆ ಗೋಡಂಬಿ. ಪಕ್ಕದಲ್ಲಿ ಆಲೂಗೆಡ್ಡೆ ಸಾಗು, ಹಸಿರು ಚಟ್ನಿ, ಪುಟ್ಟ ಬಟ್ಟಲಲ್ಲಿ ಕಾಯಿಸಿದ ತುಪ್ಪ. ಬೆರಳಿನಿಂದ ಮುರಿದರೆ ರವೆಯ ಕಾಳು ಒಂದೊಂದೂ ಬೇರೆ ಬೇರೆ ಕಾಣುತ್ತದೆ. ಆದರೂ ಉದುರುವುದಿಲ್ಲ. ತುಪ್ಪ ಸುರಿದ ತಕ್ಷಣ ಒಳಗೆ ಇಂಗಿಬಿಡುತ್ತದೆ. ಇದರ ಜೊತೆ ಸಾಂಬಾರ್ ಕೇಳುವವರನ್ನು ನೋಡಿದ್ದೇನೆ. ಕೇಳಲಿ, ಅವರಿಷ್ಟ. ನಾನು ಆ ಟೇಬಲಿನಲ್ಲಿದ್ದರೆ ಕಿಟಕಿ ಕಡೆ ನೋಡುತ್ತೇನೆ.

ಅಕ್ಕಿ ಇಲ್ಲ ಅಂತ ಬಂದ ತಿಂಡಿ, ಅಕ್ಕಿ ವಾಪಸ್ ಬಂದ ಮೇಲೂ ಹೋಗಲಿಲ್ಲ. ಬರಗಾಲದಲ್ಲಿ ಹುಟ್ಟಿದ ಎಷ್ಟೋ ಅಡುಗೆಗಳು ಕಾಲ ಸುಧಾರಿಸಿದ ಕೂಡಲೇ ಮರೆತುಹೋಗುತ್ತವೆ. ಇದು ಉಳಿಯಿತು. ಬದಲಿ ಪದಾರ್ಥ ಅಂತ ಕೈ ಬಿಗಿ ಹಿಡಿಯದೆ, ತುಪ್ಪ ಗೋಡಂಬಿ ಹಾಕಿ ಮರ್ಯಾದೆಯಿಂದ ಮಾಡಿದ್ದಕ್ಕೇ ಉಳಿಯಿತು ಅಂತ ನನ್ನ ಲೆಕ್ಕ.

1968ರಲ್ಲಿ ಯಜ್ಞನಾರಾಯಣ ಮಯ್ಯರು ತೀರಿಕೊಂಡರು. ಹೋಟೆಲಿನ ಜವಾಬ್ದಾರಿ ಅದೇ ಮನೆತನದ ಹರಿಶ್ಚಂದ್ರ ಮಯ್ಯರಿಗೆ ಬಂತು. ಹೋಟೆಲಿನ ಬಾಗಿಲು ಹಾಕಿದ ಎರಡನೆಯವರು ಇವರೇ. ಆಮೇಲೆ ಬಂದದ್ದು ತುರ್ತುಪರಿಸ್ಥಿತಿ, 1975ರ ಜೂನಿನಿಂದ 1977ರ ಮಾರ್ಚಿನವರೆಗೆ. ಪತ್ರಿಕೆಗಳ ಸೆನ್ಸಾರು, ಜೈಲು ಇವೆಲ್ಲ ಎಲ್ಲರಿಗೂ ನೆನಪಿದೆ. ಹೋಟೆಲಿನವರ ಪಾಡು ಅಷ್ಟಾಗಿ ನೆನಪಿಲ್ಲ. ತಿಂಡಿಗಳ ಬೆಲೆ ಇಷ್ಟೇ ಇರಬೇಕು ಅಂತ ಸರ್ಕಾರವೇ ಗೊತ್ತುಮಾಡಿತು. ತೀರಾ ಕಡಿಮೆ ಬೆಲೆ. ಕೇಳಿದರೆ ಜನಪರ ಕೆಲಸ ಅನ್ನಿಸುತ್ತದೆ. ಯಾರಿಗೆ ಬೇಡ ಅಗ್ಗದ ದೋಸೆ?

ಆದರೆ ದೋಸೆಯ ಬೆಲೆ ಇಳಿಸಲು ಆಜ್ಞೆ ಸಾಕು, ತುಪ್ಪದ ಬೆಲೆ ಆಜ್ಞೆಗೆ ಬಗ್ಗುವುದಿಲ್ಲ. ಹಾಗಾದರೆ ಹೋಟೆಲಿನವನು ಏನು ಮಾಡಬೇಕು? ದಾರಿಗಳು ಬೇಕಾದಷ್ಟಿವೆ. ಲೈನಿನಲ್ಲಿರುವ ಎಲ್ಲರಿಗೂ ಗೊತ್ತಿರುವ ದಾರಿಗಳೇ. ತುಪ್ಪದ ಜಾಗಕ್ಕೆ ವನಸ್ಪತಿ. ಕಾಫಿಪುಡಿಗೆ ಚಿಕೋರಿ ಒಂದು ಕೈ ಜಾಸ್ತಿ. ಮೊದಲ ಡಿಕಾಕ್ಷನ್ ಇಳಿದ ಮೇಲೆ ಅದೇ ಪುಡಿಗೆ ಮತ್ತೆ ಬಿಸಿನೀರು ಹೊಯ್ದು ಎರಡನೆಯದು, ಅದರ ಮೇಲೆ ಮೂರನೆಯದು. ಹಾಲಿಗೆ ನೀರು. ಬೇಳೆಗೆ ಕುಂಬಳಕಾಯಿ. ನಿನ್ನೆಯ ಪಲ್ಯ ಇವತ್ತಿನ ಬೋಂಡದೊಳಗೆ. ಇಡ್ಲಿ ಬಟ್ಟಲು ಒಂದು ಸೈಜ್ ಸಣ್ಣದು. ಇದ್ಯಾವುದೂ ಒಂದೇ ದಿನದಲ್ಲಿ ಗಿರಾಕಿಯ ನಾಲಿಗೆಗೆ ಗೊತ್ತಾಗುವುದಿಲ್ಲ. ನಿಧಾನಕ್ಕೆ ಮಾಡಿದರೆ ಗೊತ್ತೇ ಆಗುವುದಿಲ್ಲ. ತಿನ್ನುವವನಿಗೂ ರುಚಿ ಮರೆತುಹೋಗುತ್ತಾ ಬರುತ್ತದೆ.

ಹರಿಶ್ಚಂದ್ರ ಮಯ್ಯರು ಸರ್ಕಾರ ಹೇಳಿದ ಬೆಲೆಗೇ ಮಾರಿದರು, ಆದರೆ ಪದಾರ್ಥ ಬದಲಾಯಿಸಲಿಲ್ಲ. ನಷ್ಟ ಆಗಲೇಬೇಕು, ಆಯಿತು. ದಿನದ ನಷ್ಟ ಎಷ್ಟು ಅಂತ ಹೋಟೆಲಿನ ಮುಂದೆಯೇ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರು ಅನ್ನುವ ಕಥೆ ಹಳಬರ ಬಾಯಲ್ಲಿ ಇನ್ನೂ ಇದೆ. ತಿಂದು ಹೊರಗೆ ಬಂದವರು ಆ ಬೋರ್ಡು ಓದಿ ಹೋಗಬೇಕು. ತುರ್ತುಪರಿಸ್ಥಿತಿಯಲ್ಲಿ ಬಾಯಿ ತೆಗೆಯುವುದಕ್ಕೇ ಜನ ಹೆದರುತ್ತಿದ್ದ ಕಾಲ. ಘೋಷಣೆ ಇಲ್ಲ, ಬೈಗುಳ ಇಲ್ಲ, ಬರೀ ಒಂದು ಜಮಾಖರ್ಚು. ಇದಕ್ಕಿಂತ ಖಾರವಾದ ಪ್ರತಿಭಟನೆ ಇನ್ನೊಂದಿರಬಹುದು ಅಂತ ನನಗನ್ನಿಸುವುದಿಲ್ಲ. ಕಡೆಗೆ ಇದು ಹೀಗೆ ನಡೆಯುವುದಲ್ಲ ಅಂತ ಹೋಟೆಲ್ ಮುಚ್ಚಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಬೈಸಿಕೊಂಡರೂ ಪರವಾಗಿಲ್ಲ. ಹೋಟೆಲ್ ತಿಂಡಿ ಅಗ್ಗ ಇರಬೇಕು ಅನ್ನುವ ನಮ್ಮ ಹಟದಲ್ಲಿ ಒಂದು ಬೇಜವಾಬ್ದಾರಿ ಇದೆ. ಮಾಲಿನಲ್ಲಿ ಒಂದು ಲೋಟ ಕಾಫಿಗೆ ನೂರಾರು ರೂಪಾಯಿ ಕೊಟ್ಟು ಕಪ್ಪಿನ ಮೇಲೆ ಹೆಸರು ಬರೆಸಿಕೊಂಡು ಬರುವವರೇ, ದರ್ಶಿನಿಯಲ್ಲಿ ಇಡ್ಲಿಗೆ ಐದು ರೂಪಾಯಿ ಏರಿದರೆ "ಏನ್ರೀ ಇದು ಅನ್ಯಾಯ" ಅನ್ನುತ್ತಾರೆ. ಬಡವರಿಗೆ ಅಗ್ಗದ ಊಟ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಸರ್ಕಾರ ತನ್ನ ಗಂಟಿನಿಂದ ಮಾಡಬೇಕಾದ ಕೆಲಸ. ಹೋಟೆಲಿನವನ ಗಲ್ಲಾಕ್ಕೆ ಕೈ ಹಾಕಿದರೆ ಅವನು ಭಟ್ಟರ ಸಂಬಳಕ್ಕೋ ಇಲ್ಲ ನಮ್ಮ ಹೊಟ್ಟೆಗೋ ಕೈ ಹಾಕುತ್ತಾನೆ. ಮಯ್ಯರು ಎರಡೂ ಮಾಡಲಿಲ್ಲ.

ಹೋಟೆಲ್ ಮುಚ್ಚಿದರೆ ಕೆಲಸದವರ ಗತಿ? ಮುಂದಿನ ಕಥೆ ಹುಟ್ಟಿದ್ದು ಆ ಪ್ರಶ್ನೆಯಿಂದ. ಪಕ್ಕದಲ್ಲೇ ಅಂಗಡಿ ಮಾಡಿ ಹಿಟ್ಟು, ಪುಡಿಗಳನ್ನು ಪ್ಯಾಕೆಟ್ಟಿನಲ್ಲಿ ಮಾರಲು ಶುರುಮಾಡಿದರು. ರವೆ ಇಡ್ಲಿ ಮಿಕ್ಸ್, ಸಾರಿನ ಪುಡಿ, ಚಟ್ನಿಪುಡಿ. ತಟ್ಟೆಯಲ್ಲಿ ಕೊಡುವ ತಿಂಡಿಗೆ ಕಂಟ್ರೋಲ್ ರೇಟು ಇತ್ತು, ಮನೆಗೆ ಒಯ್ಯುವ ಪುಡಿಗೆ ಇರಲಿಲ್ಲ. ಇವತ್ತು ಅಮೆರಿಕಕ್ಕೆ ಹೊರಟ ಮಕ್ಕಳ ಸೂಟ್‌ಕೇಸಿನಲ್ಲಿ ಅಮ್ಮಂದಿರು ತುರುಕುವ ಆ ಪ್ಯಾಕೆಟ್ಟುಗಳ ಮೂಲ ಇದು. ಅಕ್ಕಿ ಸಿಗದೆ ರವೆ ಇಡ್ಲಿ ಬಂತು, ಹೋಟೆಲ್ ನಡೆಸಲಾಗದೆ ಅದರ ಮಿಕ್ಸ್ ಬಂತು. ಈ ಮನೆತನಕ್ಕೆ ತೊಂದರೆ ಕೊಟ್ಟವರೆಲ್ಲ ಒಂದೊಂದು ಹೊಸ ವ್ಯಾಪಾರ ಮಾಡಿಕೊಟ್ಟು ಹೋಗಿದ್ದಾರೆ!

ಆ ಪ್ಯಾಕೆಟ್ಟಿನ ವ್ಯಾಪಾರವನ್ನು ದೊಡ್ಡದು ಮಾಡಿದವರು ಅದೇ ಮನೆತನದ ಸದಾನಂದ ಮಯ್ಯರು. ಬಿಸಿಮಾಡಿ ತಿನ್ನುವ ಬಿಸಿಬೇಳೆಬಾತಿನ ಪ್ಯಾಕೆಟ್ಟಿಗೆ ಬೇಕಾದ ತಂತ್ರಜ್ಞಾನ ಅವರಿಗೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, ಸೈನಿಕರ ಊಟದ ಮೇಲೆ ಕೆಲಸ ಮಾಡುವ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಾಟವಾಯಿತು. ಹೀಗಾಗಿ ಅಂಗಡಿಯಲ್ಲಿ ಸಿಗುವ ಮಿಕ್ಸ್ ಒಬ್ಬರದು, ಲಾಲ್‌ಬಾಗ್ ರಸ್ತೆಯ ಹೋಟೆಲ್ ಇನ್ನೊಬ್ಬರದು. ಹೋಟೆಲು ಹರಿಶ್ಚಂದ್ರ ಮಯ್ಯರ ಮಕ್ಕಳ ಕೈಯಲ್ಲೇ ಇದೆ. "ಎಂಟಿಆರ್‌ನ ನಾರ್ವೆಯವರು ತಗೊಂಡ್ರು, ಅದಕ್ಕೇ ದೋಸೆ ಹಿಂಗಾಗಿದೆ" ಅನ್ನುವವರಿಗೆ ದಯವಿಟ್ಟು ಇದನ್ನು ತಿಳಿಸಿ. ನಾರ್ವೆಯವರಿಗೂ ಆ ದೋಸೆಗೂ ಸಂಬಂಧ ಇಲ್ಲ.

ತುರ್ತುಪರಿಸ್ಥಿತಿ ಮುಗಿದ ತಕ್ಷಣ ಹೋಟೆಲ್ ತೆರೆಯಲಿಲ್ಲ, ವರ್ಷಗಳೇ ಹಿಡಿದವು. ಒಂದು ಹೋಟೆಲ್ ಅಷ್ಟು ಕಾಲ ಮುಚ್ಚಿದ್ದು, ತೆರೆದ ಮೇಲೆ ಮತ್ತೆ ಜನ ಸಾಲುಗಟ್ಟುವುದು ಸಣ್ಣ ಮಾತಲ್ಲ. ಬೆಂಗಳೂರಿನ ಜನ ಹೊಸ ಹೋಟೆಲಿಗೆ ಒಂದು ತಿಂಗಳು ಮುಗಿಬಿದ್ದು ಆಮೇಲೆ ಮರೆತುಬಿಡುತ್ತಾರೆ. ಹಳೇ ಹೋಟೆಲ್ ಬಾಗಿಲು ಹಾಕಿದರೆ ಫೇಸ್‌ಬುಕ್ಕಿನಲ್ಲಿ ಎರಡು ದಿನ ಅತ್ತು, ಮೂರನೇ ದಿನ ಪಕ್ಕದ ಬೀದಿಯಲ್ಲಿ ದೋಸೆ ತಿನ್ನುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಯಾಕೆ ಮುಚ್ಚಿದರು ಅನ್ನುವುದು ಊರಿಗೆಲ್ಲ ಗೊತ್ತಿತ್ತು.

ಈಗ ಎಂಟಿಆರ್ ಬೆಂಗಳೂರಿನ ಬೇರೆ ಬೇರೆ ಕಡೆ ಇದೆ, ಸಿಂಗಪುರ, ದುಬೈಗಳಲ್ಲೂ ಇದೆ. ಮಿಕ್ಕ ಕಡೆ ಟೇಬಲ್ ಬೇಗ ಸಿಗುತ್ತದೆ, ಎಸಿ ಇರುತ್ತದೆ. ನನಗೆ ಲಾಲ್‌ಬಾಗ್ ರಸ್ತೆಯದೇ ಆಗಬೇಕು. ಅದು ಬರೀ ಅಭ್ಯಾಸ ಇರಬಹುದು, ವಾದ ಮಾಡುವುದಿಲ್ಲ. ಕಿರಿದಾದ ಮೆಟ್ಟಿಲು, ಗೋಡೆಗೆ ಹಳೇ ಫೋಟೋಗಳು, ಗೊತ್ತಿಲ್ಲದವರ ಜೊತೆ ಒಂದೇ ಟೇಬಲು. ಎದುರಿಗೆ ಕೂತ ಅಪರಿಚಿತರು ನಿಮ್ಮ ತಟ್ಟೆ ನೋಡಿ "ಅದೇನು ತಗೊಂಡ್ರಿ?" ಅಂತ ಕೇಳಿಯೇ ಕೇಳುತ್ತಾರೆ. ಪಂಚೆ ಎತ್ತಿ ಕಟ್ಟಿದ ಸಪ್ಲೈಯರ್ ಬಂದು ಏನೇನಿದೆ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಉಪಚಾರ ಅಷ್ಟೇ. "ಹೇಗಿದೆ ಸರ್, ಎಂಜಾಯ್ ಮಾಡ್ತಿದ್ದೀರಾ?" ಅಂತ ಬಾಯಲ್ಲಿ ದೋಸೆ ಇರುವಾಗ ಯಾರೂ ಬಂದು ಕೇಳುವುದಿಲ್ಲ. ದೊಡ್ಡ ನೆಮ್ಮದಿ ಅದು. ಕೊನೆಗೆ ಕಾಫಿ, ಬೆಳ್ಳಿಯ ಲೋಟದಲ್ಲಿ. ಲೋಟ ಬಿಸಿ ತಟ್ಟುತ್ತದೆ, ಅಂಚು ಹಿಡಿದು ಕುಡಿಯಬೇಕು.

ಹೋಗುವವರಿಗೆ ಒಂದೆರಡು ಮಾತು. ಮಧ್ಯಾಹ್ನದ ಊಟಕ್ಕೆ ಹೋಗುವುದಾದರೆ ಬೆಳಿಗ್ಗೆ ತಿಂಡಿ ಬೇಡ. ಸಿಹಿ, ಪೂರಿ, ಬಿಸಿಬೇಳೆಬಾತು, ಅನ್ನ ಸಾರು, ಅದರ ಹಿಂದೆ ಮೊಸರು ಅಂತ ಒಂದೊಂದಾಗಿ ಬರುತ್ತಲೇ ಇರುತ್ತದೆ. ಪೂರಿಗೇ ಹೊಟ್ಟೆ ತುಂಬಿಸಿಕೊಂಡು ಕೂತವರು ಕೊನೆಗೆ ಐಸ್‌ಕ್ರೀಮ್ ಬಂದಾಗ ಪಕ್ಕದವರ ಮುಖ ನೋಡಬೇಕಾಗುತ್ತದೆ. ಚಂದ್ರಹಾರ ಅನ್ನುವ ಸಿಹಿ ಬೇಕಿದ್ದರೆ ಭಾನುವಾರವೇ ಹೋಗಿ, ಬೇರೆ ದಿನ ಮಾಡುವುದಿಲ್ಲ. ಬೇಗ ಹೋಗಿ ಹೆಸರು ಬರೆಸಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ರಜೆ.